ಕಾರು ಕೊಂಡರಷ್ಟೇ ಸಾಲದು

ಮನೆ ಮುಂದೆ ಕಾರು ಬಂದು ನಿಂತ ದಿನ ಆರತಿ ಎತ್ತುತ್ತೇವೆ. ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಆಮೇಲೆ ಅದರ ಬಾನೆಟ್ ಎತ್ತುವುದು ಕೆಟ್ಟು ನಿಂತ ದಿನವೇ! ಸಾಲ ಮಾಡಿಯೋ ಉಳಿಸಿಯೋ ಕೊಂಡ ಕಾರಿನ ನಿಜವಾದ ಲೆಕ್ಕ ಷುರುವಾಗುವುದು ಕೀಲಿ ಕೈಗೆ ಬಂದ ಮೇಲೆ.

2018ರ ದೀಪಾವಳಿ ಮುಗಿದಿತ್ತು. ಹಬ್ಬಕ್ಕೆ ಬಂದಿದ್ದ ಮಗಳನ್ನು ಮಣಿಪಾಲದ ಹಾಸ್ಟೆಲಿಗೆ ಬಿಟ್ಟುಬರಲು ತೀರ್ಥಹಳ್ಳಿಯಿಂದ ಹೊರಟಿದ್ದೆವು. ಕಾರು ನಮ್ಮದೇ. ಅಂದರೆ ನಾಲ್ಕು ತಿಂಗಳ ಹಿಂದೆ ನಮ್ಮದಾದದ್ದು. ಎಂಟು ವರ್ಷ ಹಳೆಯ ಪುಟ್ಟ ಗಾಡಿ. ಮಾರಿದವರ ಮಾತಿನಲ್ಲೇ ಹೇಳುವುದಾದರೆ, 'ಒಂದೇ ಕೈ ಓಡಿಸಿದ್ದು, ಕಣ್ಣು ಮುಚ್ಚಿ ತಗೊಳ್ಳಿ.' ನಾನು ಅಕ್ಷರಶಃ ಹಾಗೆಯೇ ಮಾಡಿದ್ದೆ.

ಹಿಂದಿನ ಸೀಟಿನಲ್ಲಿ ಮಗಳು, ಅವಳ ಪಕ್ಕ ಹಾಸಿಗೆ ಸುರುಳಿ, ಕಜ್ಜಾಯದ ಡಬ್ಬಿ, ಪುಸ್ತಕದ ಎರಡು ಚೀಲ. ಮುಂದೆ ನನ್ನ ಪಕ್ಕ ಮನೆಯಾಕೆ. ಆಗುಂಬೆ ದಾಟಿ ಘಾಟಿ ಇಳಿಯತೊಡಗಿದೆವು. ಅಲ್ಲಿನ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಬಸ್ಸಿನಲ್ಲಿ ಕೂತು ಎಷ್ಟೋ ಸಲ ಎಣಿಸಿದ್ದೇನೆ. ಸ್ಟಿಯರಿಂಗ್ ಹಿಡಿದು ಇಳಿದದ್ದು ಅದೇ ಮೊದಲು. ಭಯಕ್ಕೆ ಬಲಗಾಲು ಬ್ರೇಕಿನ ಮೇಲೆಯೇ ಇತ್ತು. ನಡುನಡುವೆ ರಸ್ತೆ ಸ್ವಲ್ಪ ನೇರವಾದಲ್ಲಿ, ಪೆಟ್ರೋಲ್ ಉಳಿಯಲಿ ಎಂಬ ಜಾಣತನದಿಂದ ಗೇರು ತೆಗೆದು ನ್ಯೂಟ್ರಲ್‌ಗೆ ಹಾಕುತ್ತಿದ್ದೆ.

ಏಳನೆಯದೋ ಎಂಟನೆಯದೋ ತಿರುವಿನ ಹೊತ್ತಿಗೆ ಏನೋ ಸುಟ್ಟ ವಾಸನೆ ಬಂತು. 'ಯಾರೋ ಕಾಡಿನಲ್ಲಿ ಬೆಂಕಿ ಹಾಕಿರಬೇಕು' ಎಂದಳು ಮನೆಯಾಕೆ. ಮುಂದಿನ ತಿರುವಿನಲ್ಲಿ ಬ್ರೇಕ್ ತುಳಿದೆ. ಪೆಡಲ್ ಕಾಲಿನಡಿ ಒದ್ದೆ ಬಟ್ಟೆಯ ಹಾಗೆ ಮೆತ್ತಗೆ ಇಳಿದು ತಳಕ್ಕೆ ಹೋಯಿತು. ಕಾರು ನಿಲ್ಲಲಿಲ್ಲ.

ಆಮೇಲೆ ನಡೆದದ್ದೆಲ್ಲ ಕೆಲವೇ ಕ್ಷಣಗಳ ಕತೆ. ಪೆಡಲನ್ನು ಪದೇ ಪದೇ ತುಳಿದೆ. ಹೇಗೋ ಎರಡನೇ ಗೇರಿಗೆ, ಅಲ್ಲಿಂದ ಒಂದಕ್ಕೆ ಎಳೆದೆ. ಎಂಜಿನ್ ಕಿರುಚಿಕೊಂಡಿತು. ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎತ್ತುತ್ತ ಗುಡ್ಡದ ಕಡೆಯ ಚರಂಡಿಗೆ ಎಡ ಚಕ್ರ ಇಳಿಸಿದೆ. ಕಾರು ಕುಲುಕಿ ನಿಂತಿತು. ಕಜ್ಜಾಯವೆಲ್ಲ ಕಾರಿನ ತುಂಬ ಚೆಲ್ಲಿತ್ತು. ಮೂವರಲ್ಲಿ ಯಾರೂ ಮಾತಾಡಲಿಲ್ಲ.

ಹಿಂದಿನಿಂದ ಬಂದ ಮಿನಿ ಬಸ್ಸೊಂದು ನಿಂತಿತು. ಚಾಲಕ ಇಳಿದು ಬಂದು ಮುಂದಿನ ಚಕ್ರದ ಬಳಿ ಅಂಗೈ ಒಡ್ಡಿ ಕಾವು ನೋಡಿದ. 'ಸಾರ್, ಯಾವ ಗೇರಲ್ಲಿ ಇಳೀತಾ ಇದ್ರಿ?' ಎಂದ. ಹೇಳಿದೆ. ನಗಲಿಲ್ಲ, ಬೈಯಲೂ ಇಲ್ಲ. 'ಹತ್ತೋಕೆ ಯಾವ ಗೇರೋ ಇಳಿಯೋಕೂ ಅದೇ ಗೇರು ಸಾರ್. ಬ್ರೇಕು ನಿಲ್ಸೋಕೆ. ಇಳಿಸೋಕೆ ಎಂಜಿನ್ ಇದೆ' ಎಂದು ಹೇಳಿ ಹೋದ.

ಪ್ಯಾಸ್ಕಲನ ಪಾಠ

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಪ್ಯಾಸ್ಕಲನ ನಿಯಮವನ್ನೂ ಅದರ ಉದಾಹರಣೆಯಾಗಿ ಹೈಡ್ರಾಲಿಕ್ ಬ್ರೇಕಿನ ಚಿತ್ರವನ್ನೂ ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಪೆಡಲ್ ತುಳಿದಾಗ ಒಂದು ಕೊಳವೆಯೊಳಗಿನ ದ್ರವದ ಮೇಲೆ ಒತ್ತಡ ಬೀಳುತ್ತದೆ. ದ್ರವ ಕುಗ್ಗುವುದಿಲ್ಲವಾದ್ದರಿಂದ ಆ ಒತ್ತಡ ಅಷ್ಟಕ್ಕಷ್ಟೇ ನಾಲ್ಕೂ ಚಕ್ರಗಳಿಗೆ ತಲುಪಿ ಬ್ರೇಕ್ ಪ್ಯಾಡುಗಳನ್ನು ಒತ್ತುತ್ತದೆ. ಇಷ್ಟು ಪಾಠ. ಆ ದ್ರವಕ್ಕೂ ವಯಸ್ಸಾಗುತ್ತದೆ ಎನ್ನುವುದು ಮಾತ್ರ ನನಗೆ ಘಾಟಿಯಲ್ಲಿ ತಿಳಿಯಿತು.

ಗ್ಯಾರೇಜಿನವರು 'ಬ್ರೇಕ್ ಆಯಿಲ್' ಎಂದು ಕರೆಯುವ ಈ ದ್ರವ ಸಾಮಾನ್ಯವಾಗಿ ಗ್ಲೈಕಾಲ್ ಜಾತಿಯದು. ಇದಕ್ಕೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಗುಣವಿದೆ. ಬೇಸಿಗೆಗಿಂತ ಮಳೆಯೇ ಹೆಚ್ಚಿರುವ ನಮ್ಮ ಮಲೆನಾಡಿನಲ್ಲಿ ಕೇಳಬೇಕೆ! 'ಡಾಟ್ 4' ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಅದೇ ಆಯಿಲ್ ಶೇಕಡ ಮೂರೂವರೆ ನಾಲ್ಕರಷ್ಟು ನೀರು ಹೀರಿಕೊಂಡರೆ ಕುದಿಯುವ ಬಿಂದು 155 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ತುಳಿದೇ ಇಳಿದರೆ ಚಕ್ರದ ಬಳಿ ಅಷ್ಟು ಕಾವು ಹುಟ್ಟುವುದು ಕಷ್ಟವಲ್ಲ. ದ್ರವ ಕುದಿದು ಕೊಳವೆಯಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವ ಕುಗ್ಗುವುದಿಲ್ಲ, ಆದರೆ ಆವಿ ಕುಗ್ಗುತ್ತದೆ. ನಾವು ತುಳಿದದ್ದೆಲ್ಲ ಗುಳ್ಳೆ ಅಮುಕುವುದಕ್ಕೇ ಖರ್ಚಾಗುತ್ತದೆ. ಪ್ಯಾಡಿಗೆ ಏನೂ ತಲುಪುವುದಿಲ್ಲ. ಹ್ಯಾಂಡ್ ಬ್ರೇಕ್ ನಮ್ಮನ್ನು ಉಳಿಸಿದ್ದು ಅದಕ್ಕೆ ಈ ದ್ರವದ ಹಂಗಿಲ್ಲದ್ದರಿಂದ. ನಮ್ಮಂಥ ಕಾರುಗಳಲ್ಲಿ ಅದು ತಂತಿ ಎಳೆದು ಕೆಲಸ ಮಾಡುತ್ತದೆ.

ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಯುತ್ತದೆ ಎನ್ನುವುದೂ ಹುಸಿ. ಇಂಜೆಕ್ಷನ್ ಎಂಜಿನ್ನಿನ ಕಾರು ಗೇರಿನಲ್ಲೇ ಇಳಿಯುತ್ತ, ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದರೆ ಇಂಧನ ಹೋಗುವುದು ನಿಂತುಬಿಡುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಂತೆ ಉಳಿಯಲು ಪೆಟ್ರೋಲ್ ಸುಡಲೇಬೇಕು. ಅಂದರೆ ನಾನು ಪೆಟ್ರೋಲನ್ನೂ ಕಳೆದು ಬ್ರೇಕನ್ನೂ ಕಳೆದಿದ್ದೆ.

ಮುಕ್ಕಾಲು ಗಂಟೆ ಕಾದ ಮೇಲೆ ಪೆಡಲ್ ಗಟ್ಟಿಯಾಯಿತು. ಒಂದನೇ ಗೇರಿನಲ್ಲಿ ತೆವಳುತ್ತ ಸೋಮೇಶ್ವರ ಮುಟ್ಟಿದೆವು. ಇಂದಾಗಿದ್ದರೆ ಆ ಧೈರ್ಯ ಮಾಡುತ್ತಿರಲಿಲ್ಲ, ಕಾರನ್ನು ಅಲ್ಲೇ ಬಿಟ್ಟು ಬಸ್ಸು ಹತ್ತುತ್ತಿದ್ದೆ. ಹೆಬ್ರಿಯ ಗ್ಯಾರೇಜಿನ ಮೇಸ್ತ್ರಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ. ಜೇನಿನಂತೆ ತಿಳಿಯಾಗಿರಬೇಕಾದದ್ದು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು. 'ಇದನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು ಮೇಷ್ಟ್ರೇ. ಯಾವಾಗ ಮಾಡ್ಸಿದ್ರಿ?' ಎಂದ. ನನಗೇನು ಗೊತ್ತು? ಆಯಿಲ್ ಬದಲಾಯಿಸಲು ಆಗುವುದು ಕೆಲವು ನೂರು ರೂಪಾಯಿ. ಸುಟ್ಟ ಪ್ಯಾಡು, ಬಾಗಿದ ಡಿಸ್ಕು ಎಲ್ಲ ಸೇರಿ ನಾನು ತೆತ್ತದ್ದು 6,800 ರೂಪಾಯಿ. ತಪ್ಪಿಹೋದ ನಷ್ಟದ ಲೆಕ್ಕ ಹಾಕಲು ಈಗಲೂ ಮನಸ್ಸು ಒಪ್ಪುವುದಿಲ್ಲ.

ಬಾನೆಟ್ ಎತ್ತುತ್ತಿದ್ದ ಕಾಲ

ನಮ್ಮ ಹಿಂದಿನ ತಲೆಮಾರಿನವರು ಇಂಥ ತಪ್ಪು ಮಾಡುತ್ತಿದ್ದುದು ಕಡಿಮೆ. ಅವರು ಜಾಣರೆಂದಲ್ಲ, ಅವರ ಕಾರುಗಳು ಅವರನ್ನು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಇರಲಿ, ಫಿಯೆಟ್ಟಿನ ಮನೆತನದ ಪದ್ಮಿನಿ ಇರಲಿ, ಬೆಳಿಗ್ಗೆ ಎದ್ದು ರೇಡಿಯೇಟರಿಗೆ ನೀರು, ಎಂಜಿನ್ನಿಗೆ ಆಯಿಲ್ ನೋಡದೆ ಹೊರಟವರು ದಾರಿಯಲ್ಲಿ ನಿಲ್ಲುತ್ತಿದ್ದರು. ಹೀಗಾಗಿ ಕಾರಿದ್ದವರೆಲ್ಲ ಅರ್ಧ ಮೆಕ್ಯಾನಿಕ್ಕುಗಳು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಮಧ್ಯಮವರ್ಗದ ಮನೆಗೂ ಕಾರು ಬಂತು. ಬಾನೆಟ್ ಎತ್ತುವ ಅಭ್ಯಾಸ ಮೆಲ್ಲಗೆ ಹೋಯಿತು.

ಇಂದಿನ ಕಾರುಗಳು ಇನ್ನೂ ಒಳ್ಳೆಯವು. ತಿಂಗಳುಗಟ್ಟಲೆ ಏನೂ ಕೇಳುವುದಿಲ್ಲ. ಅದೇ ಅಪಾಯ. ಕೇಳದವನಿಗೆ ಏನೂ ಬೇಡವೆಂದು ನಾವು ತಿಳಿಯುತ್ತೇವೆ. ಮನೆಯಲ್ಲಿ ಹಸು ಸಾಕಿದವರಿಗೆ ಗೊತ್ತು, ಕೊಳ್ಳುವುದು ಒಂದು ದಿನದ ಕೆಲಸ, ಸಾಕುವುದು ದಿನದಿನದ ಕೆಲಸ. ಕಾರಿನದೂ ಅದೇ ಕತೆ.

ಬೇಕೇ? ಮೊದಲು ಲೆಕ್ಕ

ಕಾರು ಬೇಕೇ ಎಂದು ಮನೆಯಲ್ಲಿ ಚರ್ಚೆಯಾಗುವಾಗ ಸಾಮಾನ್ಯವಾಗಿ ಎರಡು ಅಂಕಿ ಮಾತ್ರ ಮೇಜಿನ ಮೇಲೆ ಬರುತ್ತವೆ: ಬೆಲೆ ಮತ್ತು ಮೈಲೇಜು. ಉಳಿದದ್ದನ್ನು ಮಕ್ಕಳಿಗೆ ಲೆಕ್ಕ ಹಾಕಲು ಕೊಡಿ. ಬಡ್ಡಿ ಲೆಕ್ಕದ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಐದು ಲಕ್ಷ ರೂಪಾಯಿ ಸಾಲ, ಬಡ್ಡಿ ಶೇಕಡ 9, ಅವಧಿ ಐದು ವರ್ಷ ಎಂದಿಟ್ಟುಕೊಳ್ಳೋಣ. ತಿಂಗಳ ಕಂತು ಸುಮಾರು 10,380 ರೂಪಾಯಿ. ಒಟ್ಟು ಬಡ್ಡಿ ಒಂದು ಲಕ್ಷ 23 ಸಾವಿರದಷ್ಟು. 'ಏಳು ವರ್ಷಕ್ಕೆ ಮಾಡಿಸಿ, ಕಂತು 8,045ಕ್ಕೆ ಇಳಿಯುತ್ತೆ' ಎನ್ನುತ್ತಾರೆ. ಇಳಿಯುತ್ತದೆ ನಿಜ. ಬಡ್ಡಿ ಮಾತ್ರ ಒಂದು ಲಕ್ಷ 76 ಸಾವಿರದ ಹತ್ತಿರ ಹೋಗುತ್ತದೆ. ಕಂತು ಹಗುರವಾದಷ್ಟೂ ಕಾರು ದುಬಾರಿ!

ಈಗ ತಿಂಗಳಿಗೆ 800 ಕಿ.ಮೀ. ಓಡಾಟ, ಲೀಟರಿಗೆ 16 ಕಿ.ಮೀ., ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದುಕೊಳ್ಳಿ. ಪೆಟ್ರೋಲಿಗೆ 5,000. ವಿಮೆಯ ಪಾಲು ತಿಂಗಳಿಗೆ 1,250, ಸರ್ವಿಸ್ ಮತ್ತು ಟೈರಿಗೆಂದು ತೆಗೆದಿಡಬೇಕಾದದ್ದು 1,500. ಕಂತು ಸೇರಿದರೆ 18 ಸಾವಿರ ದಾಟಿತು. ಅಂದರೆ ಕಿಲೋಮೀಟರಿಗೆ 22 ರೂಪಾಯಿಗಿಂತ ಹೆಚ್ಚು. ಅದೇ ಕಾರು ತಿಂಗಳಿಗೆ 200 ಕಿ.ಮೀ. ಮಾತ್ರ ಓಡಿದರೆ? ಕಿಲೋಮೀಟರಿಗೆ ಸುಮಾರು 72 ರೂಪಾಯಿ. ಭಾನುವಾರದ ದೇವಸ್ಥಾನಕ್ಕೂ ತಿಂಗಳಿಗೊಂದು ಮದುವೆಗೂ ಮಾತ್ರ ಕಾರು ಬೇಕಿದ್ದರೆ ಬಾಡಿಗೆ ಕಾರಿನಲ್ಲಿ ರಾಜಯೋಗದಿಂದ ಹೋಗಿಬರಬಹುದು. ವಯಸ್ಸಾದ ತಂದೆತಾಯಿ ಇದ್ದಾರೆ, ರಾತ್ರಿ ಹೊತ್ತು ಆಸ್ಪತ್ರೆ ದೂರ ಎಂದರೆ ಆ ಮಾತು ಬೇರೆ. ಅದಕ್ಕೆ ಕಿಲೋಮೀಟರಿನ ಲೆಕ್ಕ ಸಲ್ಲದು.

ಹೊಸತೋ ಹಳತೋ ಎಂಬ ಪ್ರಶ್ನೆಗೆ ವಿಮೆಯವರ ಕೋಷ್ಟಕವೇ ಒಂದು ಉತ್ತರ ಕೊಡುತ್ತದೆ. ಅವರ ಲೆಕ್ಕದಲ್ಲಿ ಒಂದು ವರ್ಷ ದಾಟಿದ ಕಾರಿನ ಬೆಲೆ ಶೇಕಡ 20, ಎರಡು ದಾಟಿದರೆ 30, ಮೂರಕ್ಕೆ 40, ನಾಲ್ಕಕ್ಕೆ 50ರಷ್ಟು ಕಡಿಮೆ. ಅಂದರೆ ಮೊದಲ ನಾಲ್ಕೈದು ವರ್ಷದ ಇಳಿತವನ್ನು ಮೊದಲ ಮಾಲೀಕ ಹೊತ್ತಿರುತ್ತಾನೆ. ಹಾಗೆಂದು ಹಳೆಯದೆಲ್ಲ ಅಗ್ಗವಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದ ಮೇಲೆ ಹೊಸ ಕಾರಿನ ಬೆಲೆಯನ್ನೂ ಪಕ್ಕದಲ್ಲಿಟ್ಟು ನೋಡದೆ ಹಳೆಯದಕ್ಕೆ ಮುಂಗಡ ಕೊಡಬೇಡಿ. ನಮ್ಮ ರಾಜ್ಯದಲ್ಲಿ ಬೆಲೆಗೆ ತಕ್ಕಂತೆ ಶೇಕಡ 13ರಿಂದ 18ರವರೆಗೆ ಆಜೀವ ತೆರಿಗೆ, ಅದರ ಮೇಲೆ ಸೆಸ್ ಇದೆ ಎನ್ನುವುದೂ ನೆನಪಿರಲಿ. ಷೋರೂಮಿನ ಬೆಲೆಯೇ ಬೇರೆ, ರಸ್ತೆಗಿಳಿದ ಬೆಲೆಯೇ ಬೇರೆ. ಹೊರರಾಜ್ಯದ ಅಗ್ಗದ ಕಾರಿಗೂ ಇದೇ ಎಚ್ಚರಿಕೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿನ ನೋಂದಣಿ ಮಾಡಿಸಲೇಬೇಕು.

ಹಳೇ ಕಾರು ನೋಡುವ ಕಣ್ಣು

ನಾನು ಕಣ್ಣು ಮುಚ್ಚಿ ಕೊಂಡೆನೆಂದೆನಲ್ಲ. ಕಣ್ಣು ತೆರೆದಿದ್ದರೆ ಏನೇನು ನೋಡಬಹುದಿತ್ತು?

ಕಾರನ್ನು ಬೆಳಿಗ್ಗೆ ನೋಡಿ, ಎಂಜಿನ್ ತಣ್ಣಗಿರುವಾಗ. 'ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದೆ' ಎಂದರೆ ಇನ್ನೊಂದು ದಿನ ಹೋಗಿ. ಕಷ್ಟಪಟ್ಟು ಸ್ಟಾರ್ಟ್ ಆಗುವ ಎಂಜಿನ್ ಬಿಸಿಯಾಗಿದ್ದಾಗ ತನ್ನ ಗುಟ್ಟು ಬಿಡುವುದಿಲ್ಲ. ಹೊಗೆ ನೋಡಿ. ನೀಲಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಎಂಜಿನ್ ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆತ ಕಾಫಿಯಂಥ ಲೋಳೆ ಕಂಡರೆ ಆಯಿಲಿಗೆ ನೀರು ಸೇರಿರಬಹುದು. ಅದು ದೊಡ್ಡ ಖರ್ಚಿನ ಮುನ್ಸೂಚನೆ.

ಮೀಟರಿನಲ್ಲಿ 40 ಸಾವಿರ ಕಿ.ಮೀ. ಎಂದಿದ್ದು, ಕ್ಲಚ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ ಮೀಟರನ್ನಲ್ಲ, ರಬ್ಬರನ್ನು ನಂಬಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಪಟ್ಟಿಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಆ ಟೈರು ಕಾನೂನಿಗೂ ಸಲ್ಲದು, ಮಳೆಗೂ ಸಲ್ಲದು.

ಪ್ರವಾಹದಲ್ಲಿ ಮುಳುಗೆದ್ದ ಕಾರುಗಳ ಬಗ್ಗೆ ವಿಶೇಷ ಎಚ್ಚರ ಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಎಷ್ಟೊಂದು ಕಾರುಗಳು ನೀರಲ್ಲಿ ನಿಂತವೆಂದು ನೋಡಿದ್ದೇವೆ. ತೊಳೆದು ಒಣಗಿಸಿದರೆ ಅಂಥವು ಹೊಸತರಂತೆ ಹೊಳೆಯುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸ್ಟೆಪ್ನಿ ಇಡುವ ಗುಂಡಿಯಲ್ಲಿ, ಸೀಟಿನ ಕೆಳಗಿನ ಕಬ್ಬಿಣದಲ್ಲಿ ತುಕ್ಕು ಹುಡುಕಿ. ಮೂಗಿಗೆ ಮುಗ್ಗಲು ವಾಸನೆ ಬಡಿದರೆ ಮೂಗಿನ ಮಾತು ಕೇಳಿ.

ಎಲ್ಲಕ್ಕಿಂತ ಮುಖ್ಯವಾಗಿ, ನಿಮಗೆ ಪರಿಚಯವಿರುವ, ಮಾರುವವರಿಗೆ ಪರಿಚಯವಿಲ್ಲದ ಮೆಕ್ಯಾನಿಕ್ಕೊಬ್ಬನಿಗೆ ಸಂಬಳ ಕೊಟ್ಟು ಕರೆದೊಯ್ಯಿರಿ. ಆ ಹಣ ಉಳಿಸಲು ಹೋಗಿ ನಾನು ಕೆಟ್ಟೆ.

ಹೆಸರು ಬದಲಾಗದಿದ್ದರೆ

ಇಷ್ಟೆಲ್ಲ ಮಾರಿದವರ ತಪ್ಪು ಎಂಬಂತೆ ಬರೆಯುತ್ತಿದ್ದೇನೆ. ನನ್ನದೊಂದು ತಪ್ಪು ಇದಕ್ಕಿಂತ ದೊಡ್ಡದಿತ್ತು. ಅದನ್ನು ಹೇಳಲೇಬೇಕು.

ಅಂದು ರಾತ್ರಿ ಊರಿಗೆ ಮರಳಿದ ಮೇಲೆ ನಿದ್ದೆ ಬರಲಿಲ್ಲ. ಎದ್ದು ಬೀರು ತೆರೆದೆ. ಕಾರು ಕೊಂಡ ದಿನ ಹಳೆಯ ಮಾಲೀಕರು ಸಹಿ ಹಾಕಿಕೊಟ್ಟ ಫಾರಂ 29 ಮತ್ತು 30 ಪ್ಲಾಸ್ಟಿಕ್ ಚೀಲದಲ್ಲಿ ಹಾಗೆಯೇ ಇದ್ದವು. ನಾಲ್ಕು ತಿಂಗಳಾದರೂ ಆರ್‌ಟಿಒ ಕಚೇರಿಯ ಮೆಟ್ಟಿಲು ಹತ್ತಿರಲಿಲ್ಲ. ಪರೀಕ್ಷೆ, ಮೌಲ್ಯಮಾಪನ, ಮಳೆ, ಹೀಗೆ ಒಂದಲ್ಲ ಒಂದು ನೆಪ. ಕಾನೂನಿನ ದೃಷ್ಟಿಯಲ್ಲಿ ಆ ಘಾಟಿಯಲ್ಲಿ ಓಡುತ್ತಿದ್ದುದು ನನ್ನ ಕಾರೇ ಅಲ್ಲ, ಅವರದು!

ಅದೇ ವರ್ಷದ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಕಾರೊಂದು ಕೈಯಿಂದ ಕೈಗೆ ಮಾರಾಟವಾಗುತ್ತ ಹೋಗಿತ್ತು. ಆರ್‌.ಸಿ.ಯಲ್ಲಿ ಮಾತ್ರ ಮೊದಲನೆಯವರ ಹೆಸರೇ ಉಳಿದಿತ್ತು. ಅಪಘಾತವಾಗಿ ಪರಿಹಾರದ ಪ್ರಶ್ನೆ ಬಂದಾಗ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಹೊಣೆಯೂ ಅವರದೇ ಎಂದು ನ್ಯಾಯಾಲಯ ಹೇಳಿತು. ಗಾಯಗೊಂಡವರು ಮಾಲೀಕರ ಸರಪಣಿ ಹುಡುಕುತ್ತ ಅಲೆಯುವಂತಾಗಬಾರದು ಎನ್ನುವುದು ಅದರ ಹಿಂದಿನ ನ್ಯಾಯ. ಅಂದು ನಮ್ಮ ಕಾರು ಯಾರಿಗಾದರೂ ಬಡಿದಿದ್ದರೆ, ನನ್ನನ್ನು ನಂಬಿ ಕೀಲಿ ಕೊಟ್ಟ ಆ ಹಿರಿಯರು ಕೋರ್ಟಿನ ಕಟ್ಟೆ ಹತ್ತಬೇಕಿತ್ತು.

ನಿಯಮ ಕಷ್ಟದ್ದೇನಲ್ಲ. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹೊರರಾಜ್ಯಕ್ಕಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರ ಬೇಕು. ಸಾಲದ ಕಾರಾಗಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಕೊಟ್ಟು ಆರ್‌.ಸಿ.ಯಲ್ಲಿರುವ ಸಾಲದ ನಮೂದು ತೆಗೆಸಬೇಕು. ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ವಿಮೆಯ ಅವಧಿ, ಸಾಲ, ಬಾಕಿ ದಂಡಗಳನ್ನು ಮೊದಲೇ ನೋಡಿಕೊಳ್ಳಬಹುದು. ಷಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಆರ್‌.ಸಿ. ಜೊತೆ ನೀವೇ ತಾಳೆ ನೋಡಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಇಲ್ಲದಿದ್ದರೆ ನಿಮ್ಮ ಕಾರಿನ ಸ್ವಂತ ಹಾನಿಗೆ ಪರಿಹಾರ ಸಿಗುವುದು ಕಷ್ಟ. 'ನೋ ಕ್ಲೇಮ್ ಬೋನಸ್' ಎಂಬ ರಿಯಾಯಿತಿ ಕಾರಿಗೆ ಅಂಟಿದ್ದಲ್ಲ, ವ್ಯಕ್ತಿಗೆ ಸೇರಿದ್ದು. ಮಾರಿದವರು ತಮ್ಮ ಹೊಸ ಕಾರಿಗೆ ಅದನ್ನು ಒಯ್ಯಬಹುದು.

ಮರುದಿನವೇ ರಜೆ ಹಾಕಿ ಆರ್‌ಟಿಒಗೆ ಹೋದೆ. ಹಳೆಯ ಮಾಲೀಕರಿಗೆ ಫೋನ್ ಮಾಡಿ ತಡವಾದದ್ದಕ್ಕೆ ಕ್ಷಮೆ ಕೇಳಿದೆ. ಬ್ರೇಕ್ ಆಯಿಲ್ ಕತೆ ಎತ್ತಲು ಯಾಕೋ ಬಾಯಿ ಬರಲಿಲ್ಲ.

ಡ್ಯಾಷ್‌ಬೋರ್ಡಿನ ಮಾತು

ಅದರ ಮುಂದಿನ ವಾರ ಮಗಳು ಹಾಸ್ಟೆಲಿನಿಂದ ಫೋನ್ ಮಾಡಿ, 'ಅಪ್ಪಾ, ಕಾರಿನದೇ ಒಂದು ನೋಟ್ ಪುಸ್ತಕ ಇಡೋಣ. ಏನು ಮಾಡಿಸಿದ್ದು, ಯಾವಾಗ, ಎಷ್ಟಾಯ್ತು ಎಲ್ಲ ಬರೆಯೋಣ' ಎಂದಳು. ಇನ್ನೂರು ಪುಟದ ಆ ಪುಸ್ತಕದಿಂದ ಕಲಿತ ಕೆಲವು ಪಾಠಗಳು ಇವು.

ತಾಪಮಾನದ ಮುಳ್ಳು: ರೇಡಿಯೇಟರ್ ಎಂದರೆ ಒಂದು ಬಗೆಯ ಪ್ರೆಷರ್ ಕುಕ್ಕರ್. ಅದರ ಮುಚ್ಚಳ ಒತ್ತಡ ಹಿಡಿದಿಡುವುದರಿಂದಲೇ ಒಳಗಿನ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಳ್ಳು ಕೆಂಪಿಗೆ ಏರಿದರೆ, ಅಥವಾ ಮುಳ್ಳಿಲ್ಲದ ಕಾರಿನಲ್ಲಿ ಕೆಂಪು ದೀಪ ಹತ್ತಿದರೆ, 'ಇನ್ನೇನು ಊರು ಬಂತು' ಎನ್ನಬೇಡಿ. ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ. ಎರಡು ಕಿಲೋಮೀಟರಿನ ಅವಸರಕ್ಕೆ ಹೆಡ್ ಗ್ಯಾಸ್ಕೆಟ್ ಹೋಗಿ ಎಂಜಿನ್ ಬಿಚ್ಚಿಸಿದವರು ಬಹಳ. ಕುಕ್ಕರ್ ಕೂಗುವಾಗ ಮುಚ್ಚಳ ತೆಗೆಯುವ ತಾಯಿ ಇಲ್ಲ. ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುವ ತಂದೆಯರು ಮಾತ್ರ ಇದ್ದಾರೆ.

ಬ್ಯಾಟರಿ: ಕೀಲಿ ತಿರುಗಿಸಿದಾಗ ಸೆಲ್ಫ್ 'ಟಕ್ ಟಕ್' ಎಂದು ದೀಪ ಮಂಕಾದರೆ ಸಾಮಾನ್ಯವಾಗಿ ಬ್ಯಾಟರಿಯದೇ ದೂರು. ಎಂಜಿನ್ ಆರಿಸಿ ಬಿಟ್ಟ ಪೂರ್ಣ ಚಾರ್ಜಿನ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಹದಿನಾಲ್ಕರ ಆಸುಪಾಸು. ಓಡುವಾಗಲೂ ಹನ್ನೆರಡರಲ್ಲೇ ನಿಂತರೆ ಕೆಟ್ಟದ್ದು ಆಲ್ಟರ್ನೇಟರ್ ಇರಬಹುದು. ಹೊಸ ಬ್ಯಾಟರಿ ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಿಸಿ.

ನೀರು ತುಂಬಿದ ರಸ್ತೆ: ನೀರಿನಲ್ಲಿ ಎಂಜಿನ್ ಆರಿತೋ, ಮತ್ತೆ ಸೆಲ್ಫ್ ಹೊಡೆಯಬೇಡಿ. ಪಿಸ್ಟನ್ನಿನ ಮೇಲೆ ನೀರು ಸೇರಿದ್ದರೆ ಅದು ಕುಗ್ಗುವುದಿಲ್ಲ, ಬದಲಿಗೆ ಒಳಗಿನ ರಾಡು ಬಾಗುತ್ತದೆ. ಮತ್ತೆ ಅದೇ ಪ್ಯಾಸ್ಕಲನ ದ್ರವ! ಇಂಥ ಹಾನಿಗೆ ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯುವುದೇ ಸರಿ.

ಗ್ಯಾರೇಜಿನಲ್ಲಿ ಏನು ಕೇಳಬೇಕು?

ಒಮ್ಮೆ ಸರ್ವಿಸಿಗೆ ಬಿಟ್ಟಾಗ ಬಿಲ್ಲಿನಲ್ಲಿ 9,400 ರೂಪಾಯಿ ಬಂತು. ಎಂಜಿನ್ ಫ್ಲಷ್, ಎ.ಸಿ. ಸೋಂಕುನಿವಾರಣೆ, ಅಂಡರ್ ಕೋಟಿಂಗ್, ಇಂಜೆಕ್ಟರ್ ಕ್ಲೀನಿಂಗ್. ನಾನು ಹೇಳಿದ್ದು ಆಯಿಲ್ ಬದಲಾವಣೆ ಒಂದೇ. ಜಗಳಕ್ಕೆ ನಿಂತರೆ, 'ಎಲ್ಲರೂ ಮಾಡಿಸ್ತಾರೆ ಸಾರ್' ಎಂಬ ಉತ್ತರ.

ಅಂದಿನಿಂದ ಮೂರು ನಿಯಮ ಮಾಡಿಕೊಂಡೆವು. ಒಂದು, ಕೆಲಸ ಷುರುಮಾಡುವ ಮೊದಲು ಬರೆದ ಅಂದಾಜು ಪಟ್ಟಿ ಬೇಕು. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಫೋನಿನಲ್ಲಿ ಕೇಳಿಯೇ ಕೈ ಹಾಕಬೇಕು. ಎರಡು, ಬದಲಾಯಿಸಿದ ಹಳೆಯ ಬಿಡಿಭಾಗವನ್ನು ವಾಪಸ್ ಕೊಡಬೇಕು. ಇದನ್ನು ಕೇಳುವ ಗಿರಾಕಿಯ ಕಾರಿನಲ್ಲಿ ಬಿಡಿಭಾಗಗಳು ಹೆಚ್ಚು ಬಾಳುತ್ತವೆ! ಮೂರು, ಯಾವ ಕೆಲಸ ಯಾವಾಗ ಎನ್ನುವುದನ್ನು ಕಾರಿನ ಜೊತೆ ಬಂದ ಕೈಪಿಡಿಯಲ್ಲೇ ನೋಡಬೇಕು. ಕಾರಿನೊಳಗಿನ ಖಾನೆಯಲ್ಲಿ ಪ್ಲಾಸ್ಟಿಕ್ಕೂ ಬಿಚ್ಚದೆ ಮಲಗಿರುವ ಆ ಪುಸ್ತಕ ಬಹುಶಃ ನಮ್ಮ ಮನೆಗಳಲ್ಲಿ ಅತ್ಯಂತ ಕಡಿಮೆ ಓದಿಸಿಕೊಂಡ ಪುಸ್ತಕ.

ಇದರರ್ಥ ಮೆಕ್ಯಾನಿಕ್ಕರೆಲ್ಲ ಮೋಸಗಾರರೆಂದಲ್ಲ. ಹೆಬ್ರಿಯ ಆ ಮೇಸ್ತ್ರಿ ರಾತ್ರಿ ಎಂಟರವರೆಗೆ ಕೂತು ನಾಲ್ಕೂ ಚಕ್ರದ ಗಾಳಿ ತೆಗೆದು ಬ್ರೇಕ್ ಸರಿಮಾಡಿ, ಲೇಬರ್ ಚಾರ್ಜೆಂದು ಪಡೆದದ್ದು 500 ರೂಪಾಯಿ. ಒಳ್ಳೆಯ ಮೆಕ್ಯಾನಿಕ್ ಸಿಕ್ಕರೆ ಮನೆ ವೈದ್ಯರನ್ನು ಬಿಡದ ಹಾಗೆ ಅವನನ್ನೂ ಬಿಡಬೇಡಿ. ಅವನ ಕೂಲಿಯಲ್ಲಿ ಚೌಕಾಸಿಯನ್ನೂ ಮಾಡಬೇಡಿ.

ಕೀಲಿ ಯಾರ ಕೈಗೆ?

ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಗೇಟಿನಿಂದ ಕಾರು ಹೊರತೆಗೆದರೆ ಅಪ್ಪನಿಗೆ ಹೆಮ್ಮೆ. ನನ್ನ ತರಗತಿಯ ಹುಡುಗರೇ ಈ ಸಾಹಸ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಕಾರು ಓಡಿಸಲು 18 ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯಿದೆಯ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಕಲಿಕಾ ಪರವಾನಗಿಯೂ ಸಿಗದು. ವಿದ್ಯಾರ್ಥಿಗಳೇ, ಒಂದು ಸಂಜೆಯ ಖುಷಿಗೆ ಏಳೆಂಟು ವರ್ಷ ತೆರುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಹಾಗಾದರೆ ಹದಿನೆಂಟರವರೆಗೆ ಮಕ್ಕಳಿಗೂ ಕಾರಿಗೂ ಸಂಬಂಧವೇ ಬೇಡವೇ? ಬೇಕು. ಸ್ಟಿಯರಿಂಗಿಗಿಂತ ಮೊದಲು ಟೈರಿನ ಗಾಳಿ ನೋಡಲು ಕಲಿಸಿ. ಆಯಿಲ್ ಕಡ್ಡಿ ಎಳೆದು ಮಟ್ಟ ಓದಲು, ಸ್ಟೆಪ್ನಿ ಬದಲಾಯಿಸಲು ಕಲಿಸಿ. ಹೆಣ್ಣುಮಕ್ಕಳಿಗೆ ಮರೆಯದೆ ಕಲಿಸಿ. ಲೆಕ್ಕದ ಪುಸ್ತಕ ಅವರ ಕೈಯಲ್ಲೇ ಇರಲಿ.

ನಮ್ಮ ಪುಸ್ತಕ ಮಗಳ ಕೈಯಲ್ಲಿತ್ತು. 2025ರಲ್ಲಿ ಕಾರಿಗೆ 15 ವರ್ಷ ತುಂಬಿತು. ತಪಾಸಣೆ ಮಾಡಿಸಿ ಇನ್ನೈದು ವರ್ಷಕ್ಕೆ ನೋಂದಣಿ ನವೀಕರಿಸಿದೆವು. ಅತಿ ಹೆಚ್ಚು ಖರ್ಚಾದ ವರ್ಷದಲ್ಲೂ ರಿಪೇರಿಗೆ 22 ಸಾವಿರ ದಾಟಿರಲಿಲ್ಲ. ಹೊಸ ಕಾರಿನ ಕಂತೇ ವರ್ಷಕ್ಕೆ ಲಕ್ಷ ಮೀರುತ್ತದೆ. 'ಇದೇ ಸಾಕು' ಎಂದೆ. ಈಗ ಕೆಲಸಕ್ಕೆ ಸೇರಿರುವ ಮಗಳು ಪುಸ್ತಕ ಮುಚ್ಚಿಟ್ಟು ಹೇಳಿದಳು: 'ದುಡ್ಡಿನ ಲೆಕ್ಕ ಸರಿ ಅಪ್ಪಾ. ಆದರೆ ಇದರಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಊರೊಳಗೆ ಓಡಾಡೋಕೆ ಆಯ್ತು. ಅಮ್ಮನ್ನ ಕೂರಿಸ್ಕೊಂಡು ಘಾಟಿ ಇಳಿಯೋಕೆ?' 2019ರ ಏಪ್ರಿಲಿನಿಂದ ಕಾರುಗಳಿಗೆ ಎಬಿಎಸ್, ಅದೇ ಜುಲೈಯಿಂದ ಚಾಲಕನಿಗೆ ಏರ್‌ಬ್ಯಾಗ್, 2022ರ ಆರಂಭದಿಂದ ಮುಂದಿನ ಪ್ರಯಾಣಿಕರಿಗೂ ಏರ್‌ಬ್ಯಾಗ್ ಕಡ್ಡಾಯವಾಗಿವೆ. ನನ್ನ ಲೆಕ್ಕದಲ್ಲಿ ಆ ಕಲಮೇ ಇರಲಿಲ್ಲ.

ಹಳೆಯದನ್ನು ಊರಿನವರೊಬ್ಬರಿಗೆ ಮಾರಿದೆವು. ಕೀಲಿ ಕೊಡುವ ಮೊದಲೇ ಇಬ್ಬರೂ ಸೇರಿ ಅರ್ಜಿ ಸಲ್ಲಿಸಿದೆವು. ಇನ್ನೂರು ಪುಟದ ಪುಸ್ತಕವನ್ನೂ ಕಾರಿನ ಜೊತೆ ಕೊಟ್ಟೆವು, ಬ್ರೇಕ್ ಆಯಿಲ್ ಕೊನೆಯ ಸಲ ಬದಲಾಯಿಸಿದ ತಾರೀಕಿನ ಕೆಳಗೆ ಗೆರೆ ಎಳೆದು. ಬಳಿಕ ನಾಲ್ಕು ವರ್ಷ ಹಳೆಯ, ಎರಡೂ ಕಡೆ ಏರ್‌ಬ್ಯಾಗ್ ಇರುವ ಕಾರು ಕೊಂಡೆವು. ಬೆಳಿಗ್ಗೆ ಹೋಗಿ, ಮೆಕ್ಯಾನಿಕ್ಕನನ್ನು ಕರೆದೊಯ್ದು, ಸೀಟ್ ಬೆಲ್ಟ್ ಕೊನೆಯವರೆಗೆ ಎಳೆದು ನೋಡಿ.

ಮೊನ್ನೆ ಅದೇ ಘಾಟಿ ಇಳಿದೆವು. ಮಗಳು ಓಡಿಸುತ್ತಿದ್ದಳು, ಎರಡನೇ ಗೇರಿನಲ್ಲಿ. ಮನೆಯಾಕೆ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡೇ ನಿದ್ದೆ ಹೋಗಿದ್ದಳು. ಎಂಟನೇ ತಿರುವು ಬಂದಾಗ ಪಕ್ಕದಲ್ಲಿ ಕೂತಿದ್ದ ನನಗೆ ಗೊತ್ತಿಲ್ಲದಂತೆ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿತು.

'ಅಪ್ಪಾ, ಆ ಕಡೆ ಬ್ರೇಕಿಲ್ಲ' ಎಂದಳು ಮಗಳು, ರಸ್ತೆಯಿಂದ ಕಣ್ಣು ತೆಗೆಯದೆ.